ಶಾಂತವೇರಿ ಗೋಪಾಲಗೌಡರ ಬಗ್ಗೆ ಸ್ವಲ್ಪ ಹೇಳ್ತೀರಾ?

ಪ್ರಶ್ನೆ: ಅವರು ಮಂತ್ರಿಯಾಗಿರಲಿಲ್ಲ. ಬರೀ ಶಾಸಕರು. ಆದ್ರೂ ಇಷ್ಟು ಹೆಸರು ಯಾಕೆ?

ಉತ್ತರ 1: ಶಿವಮೊಗ್ಗ ಜಿಲ್ಲೆ ಸಾಗರದ ಹತ್ತಿರದ ಕಾಗೋಡು ಹಳ್ಳಿಯಿಂದ ಶುರು ಮಾಡಿ. 1951ರಲ್ಲಿ ಅಲ್ಲಿನ ಗೇಣಿದಾರರು ಜಮೀನಿನ ಒಡೆಯರ ಎದುರು ನಿಂತರು. ಜಗಳ ಕೊಳಗದ್ದು. ಗೇಣಿ ಭತ್ತ ಅಳೆಯೋಕೆ ಒಡೆಯರು ದೊಡ್ಡ ಕೊಳಗ ಇಟ್ಟಿದ್ದರು. ಒಂದೊಂದು ಅಳತೆಗೂ ಬಡವನ ಭತ್ತ ಜಾಸ್ತಿ ಹೋಗುತ್ತಿತ್ತು, ಯೋಚಿಸಿ! ಗಣಪತಿಯಪ್ಪನವರು ರೈತರನ್ನು ಕಟ್ಟಿದರು, ಗೌಡರು ಸಮಾಜವಾದಿಗಳನ್ನು ಕರೆತಂದು ಜೊತೆ ನಿಂತರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಕೂಡ ಬಂದು ಬಂಧನಕ್ಕೊಳಗಾದರು. ಮರುವರ್ಷವೇ ಗೌಡರು ವಿಧಾನಸಭೆಯಲ್ಲಿ.

ಉತ್ತರ 2: 1957ರಲ್ಲಿ ಸೋತರು, ಅದನ್ನೂ ಹೇಳಿ. ಆಮೇಲೆ 1962, 1967ರಲ್ಲಿ ಗೆದ್ದರು.

ಪ್ರಶ್ನೆ ಕೇಳಿದವರು: ಹಾಗಾದ್ರೆ ಗೇಣಿದಾರನಿಗೇ ಭೂಮಿ ಕೊಡೋ ‘ಉಳುವವನೇ ಒಡೆಯ’ ಕಾನೂನು ಅವರದ್ದೇ?

ಉತ್ತರ 1: ಅಲ್ಲ, ಅದು ಸುಮ್ನೆ ಹಬ್ಬಿದ ಮಾತು. ಅವರು ತೀರಿಕೊಂಡದ್ದು 1972ರ ಜೂನ್‌ನಲ್ಲಿ, ಐವತ್ತು ತುಂಬುವ ಮೊದಲೇ. ದೇವರಾಜ ಅರಸರು ಭೂಸುಧಾರಣಾ ಕಾನೂನಿಗೆ ತಂದ ದೊಡ್ಡ ತಿದ್ದುಪಡಿ ಜಾರಿಯಾದದ್ದು 1974ರಲ್ಲಿ. ಆದ್ರೆ ಕೂಗು ಎಬ್ಬಿಸಿದವರಲ್ಲಿ ಗೌಡರು ಮುಂದಿದ್ದರು. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಡಿ ಅಂತಲೂ ಒತ್ತಾಯಿಸಿದ್ದರು. ಅದಾದದ್ದು 1973ರ ನವೆಂಬರ್ 1ಕ್ಕೆ. ಅದನ್ನೂ ಅವರು ನೋಡಲಿಲ್ಲ.