ಮುತ್ಯಾನ ನೆನಪಿನ ಪುಸ್ತಕ: ಕಾರ್ ಶೋರೂಮು, ನಗರಸಭೆ ಎರಡೂ ಸೇರಿಸಿ ಬರೆಯೋದು ಹೇಗೆ?

ಬ್ರಹ್ಮಪುರ ಹುಡುಗ:

ಎಲ್ಲರಿಗೂ ನಮಸ್ಕಾರ್ರಿ. ನಮ್ಮ ಮುತ್ಯಾ, ಅಂದರೆ ಅವ್ವನ ಅಪ್ಪ, ಹೋದ ವರ್ಷ ತೀರಿಕೊಂಡರು. ಕಲಬುರಗಿಯಲ್ಲಿ ವಾಹನ ವ್ಯಾಪಾರಕ್ಕೆ ಅವರು ಹಳಬರು. ಮೊದಲು ಹೈದರಾಬಾದಿನ ಡೀಲರ್ ಒಬ್ಬರ ಕೈಕೆಳಗೆ ಸ್ಕೂಟರ್, ಟ್ರ್ಯಾಕ್ಟರ್ ಮಾರುತ್ತಿದ್ದರು, ಆಮೇಲೆ ಸ್ವಂತ ಕಾರ್ ಶೋರೂಮ್ ಹಾಕಿದರು. ನಗರಸಭೆಗೂ ಆರಿಸಿ ಬಂದಿದ್ದರು. ವ್ಯಾಪಾರಿಗಳ ಸಂಘ, ದೇವಸ್ಥಾನದ ಕಮಿಟಿ, ಹೆಣ್ಣುಮಕ್ಕಳ ಹಾಸ್ಟೆಲ್, ಎಲ್ಲದರಲ್ಲೂ ಇದ್ದರು.

ವರ್ಷದ ಪುಣ್ಯತಿಥಿಗೆ ಒಂದು ಪುಸ್ತಕ ತರಬೇಕು ಅಂತ ಮನೆಯವರು ಗಂಟುಬಿದ್ದಿದ್ದಾರೆ, ನನಗೆ ಸ್ವಲ್ಪ ಬರೆಯೋಕೆ ಬರುತ್ತೆ ಅಂತ ನನ್ನ ತಲೆಗೆ ಕಟ್ಟಿದ್ದಾರೆ. ಲೇಖನ ಕಳಿಸಿ ಅಂತ ಅವರ ಪರಿಚಯದವರಿಗೆಲ್ಲ ಕೇಳಿದೆವು. ಬಂದವು ನೋಡ್ರಿ ಒಂದು ಗಂಟು. ಎಲ್ಲದರಲ್ಲೂ ಅದೇ: ಕೊಡುಗೈ ದಾನಿ, ಅಜಾತಶತ್ರು, ಸರಳ ಸಜ್ಜನ. ಹೆಸರು ಬದಲಾಯಿಸಿದರೆ ಊರಿನ ಯಾವ ಹಿರಿಯರಿಗಾದರೂ ನಡೆಯುತ್ತೆ. ನಮ್ಮ ಮಾವನಿಗೆ ಅದೇ ಬೇಕು, ಜೊತೆಗೆ ಮಂತ್ರಿಗಳ ಜೊತೆಗಿನ ಫೋಟೋ ಆರ್ಟ್ ಪೇಪರಿನಲ್ಲಿ ಮುಂದೆ ಬರಬೇಕಂತೆ.

ಇನ್ನೊಂದು ವಿಷಯ. ನೆಹರೂ ಗಂಜ್‌ನಲ್ಲಿ ಚಹಾ ಕುಡಿಯುವಾಗ ವಯಸ್ಸಾದವರೊಬ್ಬರು ಸಿಕ್ಕಿದ್ದರು. "ನಿಮ್ಮ ಮುತ್ಯಾ ದೊಡ್ಡ ಮನುಷ್ಯ, ಎರಡು ಮಾತಿಲ್ಲ. ಆದರೆ ನಮ್ಮ ಸ್ಕೂಟರಿನ ಪಾಳಿ ಮಾತ್ರ ಯಾಕೋ ಮುಂದೆ ಸರೀತಾನೇ ಇರಲಿಲ್ಲ" ಅಂದರು. ನಗುತ್ತಲೇ ಅಂದರು, ಆದರೂ ನನಗೆ ಚುಚ್ಚಿತು. ಇಂಥದ್ದನ್ನ ಬರೀಬೇಕಾ, ಬಿಡಬೇಕಾ? ಕಾರ್ ಡೀಲರ್ ಒಬ್ಬರ ಬದುಕಿನಲ್ಲಿ ಊರಿಗೆ ಹೇಳುವಂಥದ್ದು ಏನಿರುತ್ತೆ? ಅನುಭವ ಇದ್ದವರು ಹೇಳಿ.

ಸ್ಟೇಷನ್ ರೋಡ್ ಕಾಕಾ:

ತಮ್ಮಾ, ನಾನು ವಾಹನ ವಿಮೆ ಮಾಡಿಸುತ್ತಾ ಶೋರೂಮಿನಿಂದ ಶೋರೂಮಿಗೆ ಓಡಾಡಿ ಕೂದಲು ಬೆಳ್ಳಗೆ ಮಾಡಿಕೊಂಡವನು, ಹಂಗಾಗಿ ಸ್ವಲ್ಪ ಉದ್ದ ಬರೀತೀನಿ, ಬೇಜಾರಾಗಬೇಡ.

ಈಗಿನ ಹುಡುಗರಿಗೆ ಕಾರ್ ಡೀಲರ್ ಅಂದರೆ ದಿನಕ್ಕೆ ಹತ್ತು ಸಲ ಫೋನ್ ಮಾಡಿ "ಟೆಸ್ಟ್ ಡ್ರೈವ್ ಯಾವಾಗ ಸರ್" ಅನ್ನುವವನು. ಆಗ ಹಾಗಿರಲಿಲ್ಲ. ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್, ಇಷ್ಟೇ. ಫಿಯೆಟ್ಟೇ ಆಮೇಲೆ ಪ್ರೀಮಿಯರ್ ಪದ್ಮಿನಿ ಆಯ್ತು. ಎಷ್ಟು ಗಾಡಿ ತಯಾರಿಸಬೇಕು ಅನ್ನುವುದಕ್ಕೂ ಸರ್ಕಾರದ ಲೈಸೆನ್ಸ್ ಬೇಕಿತ್ತು. ಮಾರುವುದಕ್ಕೆ 1959ರಲ್ಲಿ ಒಂದು ನಿಯಂತ್ರಣ ಆದೇಶವೇ ಬಂತು. ಡೀಲರ್ ಒಂದು ರಿಜಿಸ್ಟರ್ ಇಡಬೇಕು, ಬುಕ್ ಮಾಡಿದವರ ಹೆಸರು ನಂಬರ್ ಪ್ರಕಾರ ಬರೀಬೇಕು, ಅದೇ ಪಾಳಿಯಲ್ಲಿ ಗಾಡಿ ಕೊಡಬೇಕು. ಸರ್ಕಾರದ ಕೋಟಾ ಬೇರೆ. ಸ್ಕೂಟರಿಗೂ ಇಂಥದ್ದೇ ಕಟ್ಟು. ವರ್ಷಗಟ್ಟಲೆ ಕಾಯಬೇಕಿತ್ತು, ಅಳಿಯನಿಗೆ ಸ್ಕೂಟರ್ ಕೊಡ್ತೀವಿ ಅಂತ ಮಾತು ಕೊಟ್ಟ ಬೀಗರು ಪಾಳಿ ಬರಲಿಲ್ಲ ಅಂತ ಒದ್ದಾಡಿದ್ದನ್ನ ಕಣ್ಣಾರೆ ನೋಡಿದ್ದೀನಿ. ಬುಕಿಂಗ್ ಚೀಟಿಯನ್ನೇ ಬ್ಲ್ಯಾಕ್‌ನಲ್ಲಿ ಮಾರುತ್ತಿದ್ದರು.

ಈಗ ಯೋಚನೆ ಮಾಡು. ಆ ರಿಜಿಸ್ಟರ್ ಯಾರ ಟೇಬಲ್ ಮೇಲೆ ಇತ್ತೋ ಅವರಿಗೆ ಊರಿನಲ್ಲಿ ಎಷ್ಟು ತೂಕ ಇದ್ದಿರಬೇಕು? ಬೆಳಗ್ಗೆ ಶಟರ್ ಎತ್ತುವ ಹೊತ್ತಿಗೆ ಮೂರು ಮಂದಿ ಸಾಹುಕಾರರು ನಮಸ್ಕಾರ ಹೊಡೆದು ನಿಂತಿರುತ್ತಿದ್ದರು, ಅದು ಬರೀ ಪ್ರೀತಿಗಲ್ಲ. ನಗರಸಭೆ ಚುನಾವಣೆಗೆ ನಿಂತರೆ ಆರಿಸಿ ಬರೋದೂ ಆಶ್ಚರ್ಯ ಅಲ್ಲ. ಹಾಗಾಗಿ ಗಂಜ್‌ನ ಹಿರಿಯರ ಮಾತು ಬಿಡಬೇಡ, ನಿನ್ನ ಪುಸ್ತಕದ ಜೀವ ಅಲ್ಲೇ ಇದೆ. ಆ ರಿಜಿಸ್ಟರ್ ಹುಡುಕು. ಉದ್ದನೆಯ ಪುಸ್ತಕ, ಕೆಂಪು ಬಟ್ಟೆಯ ರಟ್ಟು, ಒಳಗೆ ನಂಬರ್, ತಾರೀಖು, ಹೆಸರು, ಡಿಪಾಸಿಟ್ ರಸೀದಿ, ಬೇಕಾದ ಬಣ್ಣ, ಕೊನೆಗೆ ಡೆಲಿವರಿ ತಾರೀಖು. ಕೊನೆಯ ಕಾಲಂ ಮೇಲೆ ಬೆರಳಿಟ್ಟು ಕೆಳಗೆ ಬಾ. ಎಲ್ಲಿ ಪಾಳಿ ತಪ್ಪಿದೆಯೋ ಅಲ್ಲಿ ನಿಲ್ಲು, ಅದು ಯಾರಿಗಾಗಿ ತಪ್ಪಿತು ಅಂತ ನೋಡು. ಹಳ್ಳಿ ಡಾಕ್ಟರಿಗೆ ಮೊದಲು ಕೊಟ್ಟಿದ್ದರೆ ಒಂದು ಕಥೆ, ಶಾಸಕರ ಭಾವಮೈದುನನಿಗೆ ಕೊಟ್ಟಿದ್ದರೆ ಇನ್ನೊಂದು.

1983ರ ಡಿಸೆಂಬರ್ 14ಕ್ಕೆ ಮಾರುತಿ 800 ಬಂತು. 10,000 ರೂಪಾಯಿ ಕಟ್ಟಿ ಜನ ಮುಗಿಬಿದ್ದು ಬುಕ್ ಮಾಡಿದರು. ತೊಂಬತ್ತರ ದಶಕದಲ್ಲಿ ಲೈಸೆನ್ಸ್ ಹೋಯ್ತು, ಹೊಸ ಹೊಸ ಕಂಪನಿ ಬಂದವು, ಗಿರಾಕಿಯನ್ನ ಹುಡುಕಿಕೊಂಡು ಡೀಲರೇ ಹೋಗುವ ಕಾಲ ಬಂತು. ಪಾಳಿಯ ಅಧಿಕಾರ ಕೈಬಿಟ್ಟ ಮೇಲೆ ನಿಮ್ಮ ಮುತ್ಯಾ ಹೇಗಿದ್ದರು? ಜನ ಆಗಲೂ ಮನೆಗೆ ಬರುತ್ತಿದ್ದರಾ? ನಾನಾದರೆ ಅದನ್ನೇ ಮೊದಲು ಕೇಳ್ತೀನಿ.

ಬೀದರ್ ಬಸ್ಸಿನವ:

ಕಾಕಾ ಹೇಳಿದ್ದಕ್ಕೆ ಸೇರಿಸ್ತೀನಿ. ವಾಹನ ಡೀಲರ್ ಒಬ್ಬರು ಊರಿಗೆ ಏನು ಬಿಟ್ಟು ಹೋಗಬಹುದು ಅಂತ ಕೇಳಿದ್ರಲ್ಲ, ಟಿ.ವಿ.ಸುಂದರಂ ಅಯ್ಯಂಗಾರ್ ಬಗ್ಗೆ ಸ್ವಲ್ಪ ಓದಿ. ಟಿವಿಎಸ್ ಅಂದರೆ ನಮಗೆ ಮೊಪೆಡ್ ಮಾತ್ರ ನೆನಪಾಗುತ್ತೆ. ಅದು ಅವರ ಹೆಸರಿನ ಮೊದಲ ಅಕ್ಷರಗಳು.

1877ರಲ್ಲಿ ಹುಟ್ಟಿದವರು, ತಿರುನೆಲ್ವೇಲಿ ಕಡೆಯವರು. ರೈಲ್ವೆ, ಬ್ಯಾಂಕ್ ನೌಕರಿ ಬಿಟ್ಟು 1911ರಲ್ಲಿ ಸ್ವಂತ ವ್ಯಾಪಾರ ಶುರು ಮಾಡಿದರು, 1912ರ ಹೊತ್ತಿಗೆ ಬಸ್ಸಿಗೆ ಇಳಿದರು. ಆಮೇಲೆ ಮಧುರೈಯಲ್ಲಿ ನೆಲೆನಿಂತು ಅಮೆರಿಕದ ಜನರಲ್ ಮೋಟಾರ್ಸ್ ಗಾಡಿಗಳ ದೊಡ್ಡ ಡೀಲರ್ ಆದರು. ನನಗೆ ಇಷ್ಟ ಆಗೋದು ಡೀಲರ್‌ಶಿಪ್ ಅಲ್ಲ, ಬಸ್ಸು. ಅವರ ಬಸ್ ಬಂದ ಹೊತ್ತು ನೋಡಿ ಮಧುರೈ ಜನ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರಂತೆ. ಆಗ ಎತ್ತಿನ ಗಾಡಿಗಳ ಓಡಾಟ, ಲಾಳದ ಮೊಳೆ ದಾರಿ ತುಂಬಾ ಉದುರಿರುತ್ತಿತ್ತು, ಬಸ್ಸಿನ ಟೈರ್ ಪಂಕ್ಚರ್ ಆಗೋದು. ಅದಕ್ಕೆ ಅಯಸ್ಕಾಂತ ಕಟ್ಟಿದ ಗಾಡಿಯೊಂದನ್ನ ಮುಂಚೆ ಓಡಿಸಿ ಮೊಳೆ ಎತ್ತಿಸುತ್ತಿದ್ದರು ಅಂತ ಹೇಳುತ್ತಾರೆ. ಅವರ ಬಸ್ಸಿಗಾಗಿಯೇ ಮಾಡಿದ್ದು ಸರಿ, ಆದರೆ ಮೊಳೆ ಇಲ್ಲದ ದಾರಿ ಸೈಕಲ್ಲಿನವನಿಗೂ ಸಿಕ್ತಲ್ವಾ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲ್ ಸಿಗದಿದ್ದಾಗ ಅದರ ಬದಲಿಗೆ ಇದ್ದಿಲಿನಿಂದ ಗ್ಯಾಸ್ ಮಾಡುವ ಯಂತ್ರ, ಅಂದರೆ ಗ್ಯಾಸ್ ಪ್ಲಾಂಟ್, ಮಾಡಿಸಿ ಬಸ್ ಓಡಿಸಿದರು. 1955ರಲ್ಲಿ ತೀರಿಕೊಂಡರು.

ಮಗಳು ಸೌಂದರಂ ಚಿಕ್ಕ ವಯಸ್ಸಿನಲ್ಲೇ ವಿಧವೆಯಾದರು, ಆಮೇಲೆ ಡಾಕ್ಟರ್ ಓದಿದರು, ಗಾಂಧಿವಾದಿ ಜಿ.ರಾಮಚಂದ್ರನ್ ಅವರನ್ನ ಮರುಮದುವೆ ಆದರು. ಮನೆಯವರು ಮೊದಲು ಒಪ್ಪಿರಲಿಲ್ಲ. ಇಬ್ಬರೂ ಸೇರಿ 1947ರಲ್ಲಿ ಗಾಂಧಿಗ್ರಾಮ ಅನ್ನುವ ಗ್ರಾಮಸೇವೆಯ ಸಂಸ್ಥೆ ಕಟ್ಟಿದರು, ಆಕೆ ಮುಂದೆ ಕೇಂದ್ರದಲ್ಲಿ ಉಪಮಂತ್ರಿಯೂ ಆದರು. ಅಂದರೆ ಸುಂದರಂ ಅಯ್ಯಂಗಾರ್ ಬಗ್ಗೆ ಬರೆಯುವವರು ಈ ಮನೆಯೊಳಗಿನ ತಕರಾರನ್ನೂ ಬರೆಯಬೇಕಾಗುತ್ತೆ. ಅದರಿಂದ ಯಾರೂ ಸಣ್ಣವರಾಗಲಿಲ್ಲ.

ನಮ್ಮ ಕಡೆ ಕಥೆ ಬೇರೆ, ಅದು ನಿಮ್ಮ ಪುಸ್ತಕದಲ್ಲಿ ಬರಬೇಕು. ನಿಜಾಮ ಸರ್ಕಾರ 1932ರಲ್ಲೇ ರೈಲ್ವೆ ಕೈಕೆಳಗೆ 27 ಬಸ್ ಇಟ್ಟುಕೊಂಡು ತಾನೇ ಬಸ್ ಓಡಿಸೋಕೆ ಶುರು ಮಾಡಿತು. ಬೀದರ್, ಕಲಬುರಗಿ ಎಲ್ಲ 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವಲ್ಲ. ಬಸ್ಸು ಮೊದಲಿನಿಂದ ಸರ್ಕಾರದ್ದು, ಹಾಗಾಗಿ ನಮ್ಮಲ್ಲಿ ಮೋಟಾರು ವ್ಯಾಪಾರ ಅಂದರೆ ಲಾರಿ, ಟ್ರ್ಯಾಕ್ಟರ್, ಜೀಪು, ಆಮೇಲೆ ಕಾರು. ತೊಗರಿ ಗಂಜ್ ಮಾರುಕಟ್ಟೆಗೆ ಬಂದರೆ, ಶಹಾಬಾದ್ ಕಲ್ಲು ಊರೂರಿಗೆ ಹೋದರೆ ಲಾರಿ ಬೇಕು. ನಿಮ್ಮ ಮುತ್ಯಾ ಯಾರಿಗೆ ಮೊದಲ ಟ್ರ್ಯಾಕ್ಟರ್ ಮಾರಿದರು, ಸಾಲಕ್ಕೆ ಯಾರು ಜಾಮೀನು ನಿಂತರು? ಅದನ್ನ ಹುಡುಕಿದರೆ ಅರ್ಧ ಜಿಲ್ಲೆಯ ಕಥೆ ಸಿಗುತ್ತೆ.

ಭೀಮಾ ದಂಡೆ, ಯಾದಗಿರಿ:

ನಾನು ಸ್ವಲ್ಪ ಕಹಿ ಮಾತಾಡ್ತೀನಿ, ಬೇಜಾರು ಮಾಡ್ಕೋಬೇಡಿ.

ಇಂಥ ಪುಸ್ತಕಗಳಲ್ಲಿ ವ್ಯಾಪಾರ ಒಂದು ಅಧ್ಯಾಯ, ಸಮಾಜಸೇವೆ ಇನ್ನೊಂದು ಅಧ್ಯಾಯ ಅಂತ ಬೇಲಿ ಹಾಕಿರ್ತಾರೆ. ಅದು ಸುಳ್ಳು. ಶೋರೂಮ್ ಮುಂದಿನ ರಸ್ತೆ ಡಾಂಬರ್ ಆಗಿದ್ದು ಯಾವಾಗ? ಅವರು ಸದಸ್ಯರಾಗಿದ್ದಾಗ ನಗರಸಭೆ ಕೊಂಡ ಜೀಪು, ಕಸದ ಟ್ರ್ಯಾಕ್ಟರ್ ಯಾರ ಅಂಗಡಿಯಿಂದ ಬಂದವು? ಸದಸ್ಯನಿಗೆ ಅಲ್ಲಿನ ಗುತ್ತಿಗೆಯಲ್ಲಿ ಪಾಲಿರಬಾರದು ಅಂತ 1964ರ ಪುರಸಭೆ ಕಾಯ್ದೆಯಲ್ಲೇ ಇದೆ. ನಿಮ್ಮ ಮುತ್ಯಾ ಹಾಗೆ ಮಾಡಿದರು ಅಂತ ನಾನು ಹೇಳ್ತಿಲ್ಲ. ಟೆಂಡರ್ ಹಾಕದೆ ದೂರ ನಿಂತಿದ್ದರೆ ಅದಕ್ಕಿಂತ ದೊಡ್ಡ ಸಂಗತಿ ಬೇರೆ ಇಲ್ಲ, ಅದನ್ನ ಕಾಗದದಿಂದ ತೋರಿಸಿ. ಸಭೆಯ ನಡಾವಳಿ ಪುಸ್ತಕ, ಠರಾವು ಕೇಳಿ. ಹಾಗೇ ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, 10 ರೂಪಾಯಿ ಅಷ್ಟೇ. ಹಳೇ ಕಡತ ಗೆದ್ದಲು ತಿಂದಿರಬಹುದು, ಆದರೂ ಕೇಳಿ.

ನಡಾವಳಿಯಲ್ಲಿ ಅವರು ಏನು ಮಾತಾಡಿದರು ಅಂತ ನೋಡಿ. ನಳದ ನೀರಿನ ಬಗ್ಗೆ ಮಾತಾಡಿದರಾ, ಚರಂಡಿ ಬಗ್ಗೆ ಜಗಳ ಆಡಿದರಾ, ಅಥವಾ ಸಹಿ ಹಾಕಿ ಎದ್ದು ಹೋದರಾ. ದಾನದ ಕಲ್ಲಿನ ಮೇಲೆ ಹೆಸರು ಕೆತ್ತಿಸೋದು ಸುಲಭ. ಬೇಸಿಗೆಯಲ್ಲಿ ವಾರ್ಡಿನ ಹೆಂಗಸರು ಖಾಲಿ ಕೊಡ ಹಿಡಿದುಕೊಂಡು ಬಾಗಿಲಿಗೆ ಬಂದಾಗ ಒಳಗಿಂದ ಹೊರಗೆ ಬರೋದು ಕಷ್ಟ.

ಅಂದಹಾಗೆ ಯಾದಗಿರಿ 2009ರ ಕೊನೆವರೆಗೂ ನಿಮ್ಮ ಜಿಲ್ಲೆಯೇ ಆಗಿತ್ತು. ನಮ್ಮ ಊರಿನ ಕಡೆಯವರೂ ಗಾಡಿಗೆ ಕಲಬುರಗಿಗೇ ಬರುತ್ತಿದ್ದರು. ಬರೀ ನಿಮ್ಮ ಗಲ್ಲಿಯವರನ್ನ ಕೇಳಿ ಮುಗಿಸಬೇಡಿ.

ಮಿಸ್ತ್ರಿ ಮಗಳು:

ನಮ್ಮಪ್ಪ ಬೇರೆ ಊರಿನ ಶೋರೂಮಿನ ವರ್ಕ್‌ಶಾಪಿನಲ್ಲಿ ಮಿಸ್ತ್ರಿ ಆಗಿದ್ದರು. ಮಾಲಕರ ಬಗ್ಗೆ ಇಂಥದ್ದೇ ಒಂದು ಪುಸ್ತಕ ಬಂದಿತ್ತು, ಮನೆಯಲ್ಲಿ ಇದೆ. ಅದರಲ್ಲಿ ವರ್ಕ್‌ಶಾಪಿನ ಒಂದೇ ಒಂದು ಫೋಟೋ. ಹೊಸ ಕಟ್ಟಡದ ಪೂಜೆ ದಿನದ್ದು. ಹಿಂದಿನ ಸಾಲಿನಲ್ಲಿ ಅಪ್ಪ ನಿಂತಿದ್ದಾರೆ, ಕೆಳಗೆ "ಸಿಬ್ಬಂದಿಯೊಂದಿಗೆ" ಅಂತ ಅಷ್ಟೇ ಬರೆದಿದ್ದಾರೆ. ಅಪ್ಪ ಎಷ್ಟೋ ಸಲ ಆ ಪುಟ ತೆಗೆದು ನೋಡುತ್ತಿದ್ದರು, ಏನೂ ಅನ್ನುತ್ತಿರಲಿಲ್ಲ.

ಅಣ್ಣಾ, ನೀವು ದಯವಿಟ್ಟು ಕೆಲಸದವರನ್ನ ಮಾತಾಡಿಸಿ. ಮುಖಂಡರನ್ನ ಆಮೇಲೆ ಮಾತಾಡಿಸಿದರೂ ಆಗುತ್ತೆ. ಪಿಎಫ್ ಸರಿಯಾಗಿ ಕಟ್ಟಿದ್ದರಾ, ಅಪಘಾತ ಆದಾಗ ಯಾರು ಆಸ್ಪತ್ರೆಗೆ ಬಂದರು, ಗಾಡಿ ತರೋಕೆ ಫ್ಯಾಕ್ಟರಿಗೆ ಹೋಗುತ್ತಿದ್ದ ಡ್ರೈವರುಗಳಿಗೆ ದಾರಿ ಖರ್ಚು ಎಷ್ಟು ಕೊಡುತ್ತಿದ್ದರು. ಈಗ ಗಾಡಿಗಳು ಟ್ರೇಲರ್ ಮೇಲೆ ಬರುತ್ತವೆ. ಮೊದಲು ಹೊಸ ಕಾರನ್ನ ರಸ್ತೆ ಮೇಲೆ ಓಡಿಸಿಕೊಂಡೇ ತರುತ್ತಿದ್ದರು. ಹೊಸ ಇಂಜಿನ್ ಜೋರು ಓಡಿಸುವಂತಿಲ್ಲ, ಮಧ್ಯೆ ಮಧ್ಯೆ ನಿಲ್ಲಿಸಿ ಬಾನೆಟ್ ಎತ್ತಿ ಆರಿಸಬೇಕು. ರಾತ್ರಿ ಢಾಬಾದಲ್ಲಿ ಮಂಚ ಸಿಕ್ಕರೂ ಅಪ್ಪ ಕಾರಿನ ಪಕ್ಕದಲ್ಲೇ ಮಲಗುತ್ತಿದ್ದರಂತೆ, ವೈಪರ್ ಕದ್ದರೆ ಪಗಾರದಲ್ಲಿ ಮುರಿದುಕೊಳ್ಳುತ್ತಾರೆ ಅಂತ. ಒಳಗೆ ಸೀಟಿನ ಮೇಲೆ ಮಲಗುವ ಹಾಗಿಲ್ಲ, ಪ್ಲಾಸ್ಟಿಕ್ ಕವರ್ ಹರಿಯಬಾರದು. ನಿಮ್ಮ ಮುತ್ಯಾ ಮಲಗೋಕೆ ಬಿಡ್ತಿದ್ದರಾ? ಅದೊಂದು ಕೇಳಿ ನೋಡಿ.

ಬ್ರಹ್ಮಪುರ ಹುಡುಗ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗೋಡೌನಿನಲ್ಲಿ ಹುಡುಕಿದೆ. ಕಾಕಾ, ಕೆಂಪು ರಟ್ಟಿನ ಪುಸ್ತಕ ಸಿಕ್ಕಿತು. ಎಲ್ಲ ವರ್ಷದ್ದು ಇಲ್ಲ, ಇರುವುದು ಸ್ಕೂಟರಿನದೇ ಜಾಸ್ತಿ. ಹೆಚ್ಚಿನ ಪುಟಗಳಲ್ಲಿ ಪಾಳಿ ಸರಿಯಾಗಿದೆ. ತಪ್ಪಿದ ಕಡೆಯೆಲ್ಲ ಪಕ್ಕದಲ್ಲಿ ಪೆನ್ಸಿಲಿನಿಂದ ಕಾರಣ ಬರೆದಿದ್ದಾರೆ, ಅಕ್ಷರ ಮುತ್ಯಾನದೇ. "ಕಂಪೌಂಡರ್, ಹಳ್ಳಿ ತಿರುಗಬೇಕು." "ಮಾಸ್ತರು, ಕಾಲು ಊನ." ಇನ್ನು ಕೆಲವು ಕಡೆ "ಸಾಹೇಬರ ಚೀಟಿ" ಅಂತ ಮಾತ್ರ ಇದೆ, ಅವೂ ಕಮ್ಮಿ ಏನಿಲ್ಲ. ಗಂಜ್‌ನ ಹಿರಿಯರ ಹೆಸರಿನ ಮುಂದೆ ಏನೂ ಇಲ್ಲ, ಅವರಿಗಿಂತ ಆಮೇಲೆ ಬುಕ್ ಮಾಡಿದವರಿಗೆ ಗಾಡಿ ಹೋಗಿದೆ.

ಮಾವನಿಗೆ ತೋರಿಸಿದೆ. ಸಿಟ್ಟಾದರು. ಪೆನ್ಸಿಲ್ ಅಳಿಸಿ ಬಿಡು ಅಂದರು! ಆಯಿ, ಅಂದರೆ ಅಜ್ಜಿ, ಮಾತ್ರ ಕೈಗೆ ತೆಗೆದುಕೊಂಡು ಎಷ್ಟೋ ಹೊತ್ತು ಪುಟ ತಿರುವುತ್ತಾ ಕೂತಿದ್ದರು. "ಚೀಟಿ ಬಂದ ದಿನ ಅವರು ಊಟ ಸರಿ ಮಾಡ್ತಿರಲಿಲ್ಲ" ಅಂದರು. ಅದನ್ನ ಬರೆದುಕೊಂಡಿದ್ದೀನಿ. ಈಗ ಕೇಳೋದು ಇಷ್ಟೇ, ಆ ಪುಟಗಳನ್ನ ಹಾಗೇ ಫೋಟೋ ತೆಗೆದು ಹಾಕಬಹುದಾ?

ಸ್ಟೇಷನ್ ರೋಡ್ ಕಾಕಾ:

ಹಾಕು. ಆದರೆ ಬುಕ್ ಮಾಡಿದವರ ಹೆಸರು, ವಿಳಾಸ ಮುಚ್ಚಿ ಹಾಕು, ಅವರ ಮಕ್ಕಳು ಮೊಮ್ಮಕ್ಕಳು ಊರಲ್ಲೇ ಇರ್ತಾರೆ. ಕಾರಣದ ಕಾಲಂ ಕಂಡರೆ ಸಾಕು. ಚೀಟಿಯ ಪುಟವನ್ನೂ ಬಿಡಬೇಡ, ಬರೀ ಮಾಸ್ತರು ಕಂಪೌಂಡರ್ ಇರುವ ಪುಟ ಹಾಕಿದರೆ ಓದುವವರಿಗೆ ವಾಸನೆ ಬರುತ್ತೆ. ಮಂತ್ರಿಗಳ ಫೋಟೋ ಎರಡು ಹಾಕಿ ಮಾವನನ್ನ ಸಮಾಧಾನ ಮಾಡು. ವರ್ಕ್‌ಶಾಪಿನ ಫೋಟೋ ಕೆಳಗೆ ಎಡದಿಂದ ಬಲಕ್ಕೆ ಎಲ್ಲರ ಹೆಸರೂ ಬರಲಿ, ಆ ತಂಗಿ ಹೇಳಿದ ಹಾಗೆ. ಮೂಲ ರಿಜಿಸ್ಟರ್ ಪ್ರೆಸ್ಸಿಗೆ ಕಳಿಸಬೇಡ, ವಾಪಸ್ ಬರಲ್ಲ. ಮನೆಯಲ್ಲೇ ಸ್ಕ್ಯಾನ್ ಮಾಡಿಸು.