ಉಪಯುಕ್ತತಾವಾದ: ಪ್ರತಿ ಸಲ ಲೆಕ್ಕ ಹಾಕಬೇಕಾ?

ಪ್ರಶ್ನೆ (ತೀರ್ಥಹಳ್ಳಿ):
ಹೆಚ್ಚು ಜನರ ಹೆಚ್ಚು ಸುಖವೇ ಅಳತೆಗೋಲು ಅಂತಾದ್ರೆ, ಅಡಿಕೆಯ ಕೊಳೆರೋಗಕ್ಕೆ ಹೊಡೆದು ಉಳಿದ ಔಷಧಿ ಹಳ್ಳಕ್ಕೆ ಚೆಲ್ಲಬಹುದಾ ಅನ್ನೋದಕ್ಕೂ ಈ ವಾದದ ದಾರ್ಶನಿಕ ಬೆಂಥಮ್‌ನ ಸುಖ ಅಳೆಯೋ ಏಳು ಮಾನದಂಡ ಎಣಿಸ್ತಾ ಕೂರೋದಾ? ಅಷ್ಟರಲ್ಲಿ ಮಳೆ ಬಂದಿರುತ್ತೆ!

ಉತ್ತರ 1 (ಸಾಗರ):
ಪ್ರತಿ ತೀರ್ಮಾನಕ್ಕೂ ಮುಂಚೆ ಎಣಿಸಿ ಅಂತ ಬೆಂಥಮ್ಮೇ 1789ರಲ್ಲಿ ಹೇಳಿಲ್ಲ. ಅವನ ನಂತರದ ಉಪಯುಕ್ತತಾವಾದಿ ಮಿಲ್ 1861ರಲ್ಲಿ ಇದಕ್ಕೇ ಉತ್ತರ ಕೊಟ್ಟಿದ್ದಾನೆ: ಮನುಷ್ಯಕುಲದ ಇಡೀ ಗತಕಾಲ ಆ ಲೆಕ್ಕಕ್ಕೇ ಸಂದಿದೆ, ನಾವಿಕರು ಸಿದ್ಧ ಪಂಚಾಂಗ ಇಟ್ಕೊಂಡೇ ಹಡಗು ಹತ್ತೋದು. ವಿಷದ ನೀರು ಹಳ್ಳಕ್ಕೆ ಬಿಡಬಾರದು ಅನ್ನೋದು ಅಂಥ ಸಿದ್ಧ ನಿಯಮ. ಆ ಔಷಧಿಯಲ್ಲಿರೋ ತಾಮ್ರ ಮೀನಿಗೆ ವಿಷ, ಮತ್ತೆ ಎಣಿಸೋದೇನಿದೆ?

ಉತ್ತರ 2 (ಹೊಸನಗರ):
ನಿಯಮ ಇದ್ದರೂ ವಿವೇಚನೆ ಬೇಕು. ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣವನ್ನೇ ನೋಡಿ: 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್) 50 ಲೀಟರ್ ನೀರಲ್ಲಿ, 1 ಕೆ.ಜಿ. ಸುಣ್ಣ ಇನ್ನೊಂದು 50 ಲೀಟರಲ್ಲಿ. ತುತ್ತದ ನೀರನ್ನ ಸುಣ್ಣದ ನೀರಿಗೆ ನಿಧಾನ ಸುರಿದು ಕದಡಬೇಕು. ಇದು ನಿಯಮ. ಆದ್ರೆ ಸುಣ್ಣ ಹಳತಾಗಿದ್ರೆ ಅಳತೆ ಸರಿಯಿದ್ದೂ ಕೆಡುತ್ತೆ. ಹೊಳೆಯೋ ಕತ್ತಿ ಅದ್ದಿ ನೋಡಿ. ಕೆಂಪು ಲೇಪ ಹಿಡಿದ್ರೆ ಇನ್ನಷ್ಟು ಸುಣ್ಣ. ನೀತಿಯಲ್ಲೂ ಆ ಕತ್ತಿ ಬೇಕು.

ಉತ್ತರ 3 (ಶಿವಮೊಗ್ಗ):
ಕತ್ತಿ ಹೋಲಿಕೆ ಚೆನ್ನಾಗಿದೆ, ಆದ್ರೆ ದಿನಾ ಅದ್ದೋರು ತಮಗೆ ಬೇಕಾದ ಬಣ್ಣವನ್ನೇ ಕಾಣ್ತಾರೆ. ಮಿಲ್ ಪ್ರಕಾರ ಹೆಚ್ಚು ಸುಖ ಅನ್ನೋ ಮೂಲ ತತ್ವದ ಮೊರೆ ಹೋಗೋದು ಎರಡು ನಿಯಮ ಡಿಕ್ಕಿ ಹೊಡೆದಾಗ ಮಾತ್ರ. ಇನ್ನೊಂದು, ಅವನ ‘ಎರಡನ್ನೂ ಬಲ್ಲವರ ತೀರ್ಪು’ ಇಲ್ಲಿಗೆ ಎಳೀಬೇಡಿ. ಅದು ಸುಖಗಳ ಗುಣಮಟ್ಟದ ಮಾತು: ಎರಡು ಸುಖಗಳಲ್ಲಿ ಯಾವುದು ಮೇಲು ಅಂತ ಎರಡನ್ನೂ ಅನುಭವಿಸಿದವರೇ ಹೇಳಬೇಕು ಅಂತ.