ಹಾಸ್ಟೆಲ್ ಲೀಡರ್ ಆಗಿದೀನಿ, ಆರನೇ ಕ್ಲಾಸ್ ಹುಡುಗ್ರನ್ನ ಹೆದರಿಸದೇ ಸಂಭಾಳಿಸೋದು ಹೆಂಗೆ?

ಟ್ರಂಕ್_ಪೆಟ್ಟಿಗೆ:
ಎಲ್ರಿಗೂ ನಮಸ್ಕಾರ. ನಮ್ದು ಆರರಿಂದ ಹತ್ತರವರೆಗಿನ ರೆಸಿಡೆನ್ಷಿಯಲ್ ಸ್ಕೂಲು, ಹೆಸರು ಬೇಡ ಬಿಡಿ. ನಾನೀಗ ಹತ್ತನೇ ಕ್ಲಾಸು, ವಾರ್ಡನ್ ಸರ್ ನನ್ನ ಡಾರ್ಮಿಟರಿ ಲೀಡರ್ ಮಾಡಿದಾರೆ. ಪ್ರಾಬ್ಲಂ ಏನಂದ್ರೆ ಇಲ್ಲಿ ದೊಡ್ಡವ್ರ ಬಕೆಟ್‌ಗೆ ನೀರು ತುಂಬ್ಸೋದು, ತಟ್ಟೆ ತೊಳೆಯೋದು, ಭಾನುವಾರ ಯೂನಿಫಾರ್ಮ್ ಒಗೆಯೋದು ಎಲ್ಲಾ ಆರನೇ ಕ್ಲಾಸಿನವ್ರ ತಲೆ ಮೇಲೆ. ಬೇಡ ಕಣ್ರೋ ಅಂದ್ರೆ ನಮ್ ಕ್ಲಾಸಿನವ್ರು ‘ನಾವೂ ಮಾಡಿಲ್ವಾ, ಅವ್ರೂ ಮಾಡ್ಲಿ, ನೀನೇನ್ ದೊಡ್ಡ ಗಾಂಧಿನಾ’ ಅಂತಾರೆ. ಆದ್ರೆ ಆ ಚಿಕ್ಕವ್ರೂ ಕಮ್ಮಿ ಇಲ್ಲ, ಮೆತ್ತಗೆ ಹೇಳಿದ್ರೆ ಕೇಳೋದೇ ಇಲ್ಲ, ಲೈಟ್ ಆಫ್ ಆದ್ಮೇಲೂ ಗುಸುಗುಸು, ಜೋರಾಗಿ ಗದರಿದ್ರೆ ಮಾತ್ರ ಗಪ್‌ಚುಪ್. ಗದರೋಕೆ ನಂಗಿಷ್ಟ ಇಲ್ಲ. ಏನ್ ಮಾಡ್ಲಿ?

ಜೋಳದ_ರೊಟ್ಟಿ:
ತಮ್ಮಾ, ನಾ ನವೋದಯದಾಗ ಓದಿದಾಂವ. ಅಲ್ಲಿ ಒಂಬತ್ತನೇತ್ತಾಗ ಮೈಗ್ರೇಷನ್ ಅಂತ ಇರ್ತದ, ಕ್ಲಾಸಿನ ಶೇಕಡಾ 30ರಷ್ಟು ಮಂದಿನ್ನ ಒಂದು ವರ್ಷ ಹಿಂದಿ ರಾಜ್ಯದ ನವೋದಯಕ್ಕ ಕಳಸ್ತಾರ. ನಾನೂ ಹೋಗಿದ್ದೆ. ಹಿಂದಿ ಬರಂಗಿಲ್ಲ, ಥಂಡಿ ಅಂದ್ರ ಥಂಡಿ, ಮನಿ ನೆನಪಾಗಿ ಅಳು ಬರೂದು. ಅಲ್ಲಿ ಹನ್ನೆರಡನೇತ್ತಾದ ಒಬ್ಬ ಭಯ್ಯಾ ಮೊದಲನೇ ದಿನಾನ ಬಂದು ನನ್ನ ಟ್ರಂಕ್ ಇಡಾಕ ಜಾಗ ತೋರಿಸಿದ, ಯಾವ ನಲ್ಲಿ ಕೆಟ್ಟದ, ಬಿಸಿನೀರು ಎಷ್ಟೊತ್ತಿಗಿ ಖಾಲಿ ಆಗ್ತದ, ಮೆಸ್ಸಿನಾಗ ಯಾವ ಲೈನ್ ಜಲ್ದಿ ಹೋಗ್ತದ ಎಲ್ಲಾ ಕೈ ಸನ್ನಿ ಮಾಡಿ ತಿಳಿಸಿದ. ಅಷ್ಟ ನೋಡು. ಮುಂದ ಆಂವ ಏನ್ ಹೇಳಿದ್ರೂ ನಾವು ಕೇಳ್ತಿದ್ವಿ, ಒಂದ ಸಲಾನೂ ದನಿ ಏರ್ಸಿದ್ದಿಲ್ಲ. ಮೊದಲ ಉಪಯೋಗಕ್ಕ ಬಾ, ಆಮ್ಯಾಲ ಹುಕುಂ ಮಾಡು.

ಹಳೇ_ಕಾಲದವನು:
ನಾವೆಲ್ಲ ಸೀನಿಯರ್ಸ್ ಬಟ್ಟೆ ಒಗೆದೇ ಬಂದಿದ್ದು, ಏನೂ ಆಗಿಲ್ಲ, ಶಿಸ್ತು ಕಲಿತ್ವಿ. ಈಗಿನ ಮಕ್ಕಳು ತುಂಬಾ ನಾಜೂಕು.

ಜೋಳದ_ರೊಟ್ಟಿ:
ಶಿಸ್ತು ಅಂದ್ರ ತನ್ನ ಬಟ್ಟಿ ತಾ ಒಗೆಯೂದು ರೀ.

ಸ್ಟಾಫ್‌ರೂಂ_ಚಹಾ:
ನಾನು ಮೇಷ್ಟ್ರು, ಹಾಸ್ಟೆಲ್ ಡ್ಯೂಟಿನೂ ಮಾಡಿದೀನಿ. ರ್ಯಾಗಿಂಗ್ ಅಂದ್ರೆ ಬರೀ ಕಾಲೇಜಿಂದು ಅಂತ ತುಂಬಾ ಜನ ತಿಳ್ಕೊಂಡಿದಾರೆ, ಕರ್ನಾಟಕ ಶಿಕ್ಷಣ ಕಾಯ್ದೆ 1983ರಲ್ಲೇ ಅದಕ್ಕೆ ನಿಷೇಧ ಇದೆ. 2009ರ ಆರ್‌ಟಿಇ ಕಾಯ್ದೆ 17ನೇ ಸೆಕ್ಷನ್ ಪ್ರಕಾರ ಮಕ್ಕಳಿಗೆ ಹೊಡೆಯೋದು, ಮನಸ್ಸಿಗೆ ಹಿಂಸೆ ಕೊಡೋದು ಎರಡೂ ಮಾಡೋ ಹಾಗಿಲ್ಲ. ಮೇಷ್ಟ್ರೇ ಕೈ ಎತ್ತೋ ಹಾಗಿಲ್ಲ ಅಂದ್ಮೇಲೆ ಹತ್ತನೇ ಕ್ಲಾಸ್ ಹುಡುಗನಿಗೆ ಯಾವ ಅಧಿಕಾರ ಸ್ವಾಮಿ? ನಿಜ ಹೇಳ್ಬೇಕಂದ್ರೆ ಇದ್ರಲ್ಲಿ ಅರ್ಧ ತಪ್ಪು ನಮ್ಮಂಥವ್ರದ್ದೇ, ವಾರ್ಡನ್ ಮಾಡ್ಬೇಕಾದ ಕೆಲಸನ ಲೀಡರ್ ತಲೆಗೆ ಕಟ್ಟಿ ಆರಾಮಾಗಿ ಮಲಗ್ತಾರೆ, ಆ ಹುಡುಗನೋ ಗದರಿಸದೇ ಇನ್ನೇನ್ ಮಾಡ್ತಾನೆ. ಶಿಕ್ಷೆ ಕೊಡೋದು ನಿನ್ ಕೆಲಸ ಅಲ್ಲಪ್ಪ, ಅದನ್ನ ವಾರ್ಡನ್‌ಗೆ ಬಿಡು. ಹೊಡೆತ ಬಡಿತ ನಡೀತಿದ್ರೆ ಅವತ್ತೇ ಹೇಳು, ಅವ್ರೂ ಕಿವಿಗೆ ಹಾಕ್ಕೊಳ್ದೇ ಇದ್ರೆ 1098ಕ್ಕೆ ಫೋನ್ ಮಾಡ್ಬಹುದು, ಮಕ್ಕಳ ಸಹಾಯವಾಣಿ, ದುಡ್ಡಿಲ್ಲ.

ಮಂಡ್ಯದ_ಅಕ್ಕ:
ತಮ್ಮ, ಆರನೇ ಕ್ಲಾಸ್ ಅಂದ್ರೆ ಹನ್ನೊಂದು ವರ್ಷದ ಮಗು ಕಣೋ, ಅದು ಅಮ್ಮನ್ನ ಬಿಟ್ಟು ಮಲಗ್ತಿರೋದೇ ಮೊದಲ ಸಲ ಇರುತ್ತೆ. ನಮ್ ಹಾಸ್ಟೆಲ್ಲಲ್ಲಿ ಒಂದು ಹುಡುಗಿ ಹಾಸಿಗೇಲಿ ಉಚ್ಚೆ ಹೊಯ್ಕೋತಿದ್ಲು. ಎಲ್ರೂ ನಗೋರು, ಒಂದು ಅಡ್ಡಹೆಸ್ರೂ ಇಟ್ಟಿದ್ರು. ನಮ್ ಲೀಡರ್ ಅಕ್ಕ ಬೆಳಿಗ್ಗೆ ಬೆಲ್ ಹೊಡೆಯೋಕೆ ಮುಂಚೆನೇ ಅವಳನ್ನ ಎಬ್ಬಿಸಿ ಇಬ್ರೂ ಸೇರಿ ಬೆಡ್‌ಶೀಟ್ ಹಿಂಡಿ ಹಿಂದ್ಗಡೆ ತಂತಿ ಮೇಲೆ ಹಾಕಿ ಬರೋರು, ರಾತ್ರಿ ಮಲಗೋ ಮುಂಚೆ ಬಾತ್‌ರೂಮ್‌ಗೆ ಜೊತೆಗೆ ಹೋಗೋರು, ಯಾರ ಮುಂದೆನೂ ಬಾಯಿ ಬಿಡ್ಲಿಲ್ಲ. ಆ ಅಡ್ಡಹೆಸ್ರು ಕರೆದವ್ರನ್ನ ಮಾತ್ರ ಸುಮ್ನೆ ಬಿಡ್ತಿರ್ಲಿಲ್ಲ. ಇನ್ನು ಗುಸುಗುಸು ಬಗ್ಗೆ, ದೂರದಿಂದ ಕೂಗ್ಬೇಡ, ಯಾವ ಮಂಚದಿಂದ ಸದ್ದು ಬರ್ತಿದ್ಯೋ ಅಲ್ಲಿ ಹೋಗಿ ಕೂತ್ಕೊ, ‘ಏನೋ ವಿಷ್ಯ, ನಂಗೂ ಹೇಳು’ ಅನ್ನು. ಹೆಸ್ರು ಹಿಡಿದು ಕರಿ, ‘ಏಯ್ ಸಿಕ್ಸ್ತು’ ಅಂತ ಬೇಡ.

ಟ್ರಂಕ್_ಪೆಟ್ಟಿಗೆ:
ಥ್ಯಾಂಕ್ಸ್ ಅಕ್ಕ, ಥ್ಯಾಂಕ್ಸ್ ಸರ್. ಈ ಭಾನುವಾರ ಒಗೆಯೋ ಕಲ್ಲು ಮೊದಲ ಅರ್ಧ ಗಂಟೆ ಚಿಕ್ಕವ್ರಿಗೇ ಬಿಡ್ಸೋಣ ಅಂತಿದೀನಿ, ಯಾಕಂದ್ರೆ ನಮ್ದೆಲ್ಲ ಒಗೆದು ಅವ್ರ ಸರದಿ ಬರೋಷ್ಟರಲ್ಲಿ ನಲ್ಲೀಲಿ ನೀರೇ ಇರಲ್ಲ. ನಮ್ ಕ್ಲಾಸಿನವ್ರ ಹತ್ರ ಇದನ್ನ ಎಲ್ರೂ ಸೇರೋ ಪ್ರೇಯರ್ ಟೈಮಲ್ಲೇ ಹೇಳ್ಬಿಡ್ಲಾ?

ಸ್ಟಾಫ್‌ರೂಂ_ಚಹಾ:
ಬೇಡ ಮಾರಾಯ, ಜೂನಿಯರ್ಸ್ ಮುಂದೆ ಮುಖಭಂಗ ಆದ್ರೆ ಅವ್ರು ಸೇಡು ತೀರಿಸ್ಕೊಳ್ಳೋದು ಆ ಮಕ್ಕಳ ಮೇಲೇನೇ. ರಾತ್ರಿ ಊಟ ಆದ್ಮೇಲೆ ಹತ್ತನೇಯವ್ರನ್ನಷ್ಟೇ ಕೂರಿಸ್ಕೊಂಡು ಮಾತಾಡು, ಜಾಸ್ತಿ ಹಾರಾಡೋ ಇಬ್ಬರ ಹತ್ರ ಮೊದ್ಲೇ ಬೇರೆಯಾಗಿ ಹೇಳಿರು.